ಎರಡನೇ ಮಹಡಿಯ ಕನ್ಸಲ್ಟೆನ್ಸಿ: ಫೈಲಿಗೆ ಐದಕ್ಕೆ ಐದು, ಪತ್ರಕ್ಕೆ ಸೊನ್ನೆ

ಪ್ಯಾಕೇಜ್ 40,000, ಅದರ ಮೇಲೆ ಶೇ 18 ಜಿಎಸ್‌ಟಿ. ಒಟ್ಟು 47,200 ರೂಪಾಯಿ. ತಿಪಟೂರಿನ ಮಾರುಕಟ್ಟೆಯಲ್ಲಿ ಅಪ್ಪ ಕೊಬ್ಬರಿ ಹಾಕಿ ಬಂದ ದುಡ್ಡು ಅದು, ಹಾಗಾಗಿ ಲೆಕ್ಕ ನೆನಪಿದೆ. ಜರ್ಮನಿಯಲ್ಲಿ ಮಾಸ್ಟರ್ಸ್ ಮಾಡಲು ಅರ್ಜಿ ಹಾಕಿಸಿಕೊಡುವ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಗೆ 2024ರ ಜೂನ್‌ನಲ್ಲಿ ಕಟ್ಟಿದೆ. ಹೆಸರು ಹೇಳಲ್ಲ. ಮೆಟ್ರೊ ಸ್ಟೇಷನ್ ಇಳಿದು ಐದು ನಿಮಿಷ, ಕೆಳಗೆ ದರ್ಶಿನಿ, ಮೇಲೆ ಕನ್ನಡಕದ ಅಂಗಡಿ, ಅದರ ಮೇಲೆ ಇವರು. ಇಂಥ ಕಟ್ಟಡ ನಿಮ್ಮ ಏರಿಯಾದಲ್ಲೂ ಒಂದು ಇರುತ್ತೆ, ಒಳಗೆ ನಡೆಯೋದೂ ಹೆಚ್ಚುಕಡಿಮೆ ಇದೇ ಅಂತ ಆಮೇಲೆ ಗೆಳತಿಯರನ್ನು ಕೇಳಿ ಗೊತ್ತಾಯಿತು.

ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ), 2018ರ ಸ್ಕೀಮ್, ಅಂದರೆ ಆ ವರ್ಷದ ಪಠ್ಯಕ್ರಮ. ಸಿಜಿಪಿಎ ಹತ್ತಕ್ಕೆ 7.6. ಓದು ಮುಗಿಸಿ ಅಂತರ್ಜಲ ಅಳತೆ ಮಾಡುವ ಸಣ್ಣ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದೆ. ಓದಬೇಕಿದ್ದದ್ದು ಜಲವಿಜ್ಞಾನ. ಗೋಡೆ ಮೇಲೆ 'ಉಚಿತ ಕೌನ್ಸೆಲಿಂಗ್' ಅಂತ ದೊಡ್ಡ ಬೋರ್ಡು. ಮೊದಲ ಭೇಟಿ ನಿಜವಾಗಿಯೂ ಉಚಿತ, ಒಂದು ಕಾಫಿಯನ್ನೂ ಕೊಟ್ಟರು. ಕೌನ್ಸೆಲರ್ ಲ್ಯಾಪ್‌ಟಾಪ್ ತಿರುಗಿಸಿ ಐದು ಕಾಲೇಜಿನ ಪಟ್ಟಿ ತೋರಿಸಿದರು. ಮೂರು ಖಾಸಗಿ. ವರ್ಷದ ಫೀಸೇ ಹತ್ತು ಸಾವಿರ ಯೂರೋ ದಾಟುತ್ತೆ. ಕೋರ್ಸು ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್. ನೀರಿನ ಸುದ್ದಿಯೇ ಇಲ್ಲ.

"ಸರ್, ಡ್ರೆಸ್ಡೆನ್‌ನಲ್ಲಿ ಹೈಡ್ರೋ ಸೈನ್ಸ್ ಅಂಡ್ ಎಂಜಿನಿಯರಿಂಗ್ ಅಂತ ಇದೆಯಲ್ಲ? ಸ್ಟುಟ್‌ಗಾರ್ಟ್‌ನಲ್ಲಿ ವಾರೆಮ್ ಅಂತ ನೀರಿನ ನಿರ್ವಹಣೆಯ ಕೋರ್ಸಿದೆ. ಎರಡೂ ಇಂಗ್ಲಿಷ್‌ನಲ್ಲೇ."

"ಅವೆಲ್ಲ ರಿಸ್ಕ್ ಮೇಡಂ. ನಿಮ್ಮ ಜರ್ಮನ್ ಗ್ರೇಡ್ 2.9 ಬರುತ್ತೆ. 2.5 ಒಳಗಿದ್ರೆ ಮಾತ್ರ ನೋಡ್ತಾರೆ."

ಗೊತ್ತಿಲ್ಲದವರಿಗೆ: ಅಲ್ಲಿ ಅಂಕ ತಲೆಕೆಳಗು. 1 ಅಂದರೆ ಅತ್ಯುತ್ತಮ, 4 ಅಂದರೆ ಬರೀ ಪಾಸು. ನಮ್ಮ ಅಂಕವನ್ನು ಆ ಅಳತೆಗೆ ತರಲು 'ಮಾಡಿಫೈಡ್ ಬವೇರಿಯನ್ ಫಾರ್ಮುಲಾ' ಅಂತ ಒಂದಿದೆ. ಗರಿಷ್ಠ ಅಂಕದಲ್ಲಿ ನಮ್ಮ ಅಂಕ ಕಳೆದು, ಅದನ್ನು ಗರಿಷ್ಠಕ್ಕೂ ಪಾಸಿಗೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಸೇರಿಸಬೇಕು. ವಿಟಿಯು ಸೂತ್ರದಲ್ಲಿ ನನ್ನ 7.6ಕ್ಕೆ 0.75 ಕಳೆದು ಹತ್ತರಿಂದ ಗುಣಿಸಿದರೆ ಶೇ 68.5. ಅವರ ಎಕ್ಸೆಲ್ ಶೀಟಿನಲ್ಲಿ ಪಾಸ್ ಮಾರ್ಕ್ ಅನ್ನೋ ಕಾಲಂ ನೋಡಿದೆ. 50 ಅಂತಿತ್ತು.

"ಸರ್, ವಿಟಿಯುನಲ್ಲಿ ಪಾಸಿಗೆ 40."

ಅವರು 40 ಒತ್ತಿದರು. 2.9 ಇದ್ದದ್ದು 2.6ಕ್ಕೆ ಇಳಿಯಿತು. ಒಂದು ಕ್ಷಣ ಇಬ್ಬರೂ ಆ ಸಂಖ್ಯೆಯನ್ನೇ ನೋಡುತ್ತಾ ಕೂತಿದ್ದೆವು. ಆ ಶೀಟಿನಲ್ಲಿ ನನಗಿಂತ ಮುಂಚೆ ಎಷ್ಟು ವಿಟಿಯು ಮಕ್ಕಳ ಗ್ರೇಡ್ ಹಾಕಿದ್ದರೋ! ಕೊನೆಗೆ ಪ್ರತಿ ವಿಶ್ವವಿದ್ಯಾಲಯ ತನ್ನದೇ ಕೋಷ್ಟಕ ಹಿಡಿದು ಲೆಕ್ಕ ಹಾಕುತ್ತೆ, ನಾವು ಮಾಡೋದು ಅಂದಾಜು ಮಾತ್ರ, ನಿಜ. ಆದರೆ ಅಂದಾಜು ತಪ್ಪಾದರೆ ಅರ್ಜಿಯನ್ನೇ ಹಾಕಲ್ವಲ್ಲ ನಾವು, ಅದು ಹೊಟ್ಟೆ ಉರಿಸಿದ್ದು.

ಪಟ್ಟಿ ಹಾಗೇಕಿತ್ತು ಅನ್ನೋದಕ್ಕೆ ದೊಡ್ಡ ಸಂಶೋಧನೆ ಬೇಕಿಲ್ಲ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕವೇ ಇಲ್ಲ, ಸೆಮಿಸ್ಟರಿಗೆ ಕೆಲವು ನೂರು ಯೂರೋ ವಂತಿಗೆ ಅಷ್ಟೆ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಇದೆ, ಸ್ಟುಟ್‌ಗಾರ್ಟ್ ಅದರಲ್ಲೇ ಬರುತ್ತೆ. ಶುಲ್ಕವೇ ಇಲ್ಲದ ಕಡೆ ಏಜೆಂಟರಿಗೆ ಕಮಿಷನ್ ಎಲ್ಲಿಂದ ಹುಟ್ಟಬೇಕು? ಕಮಿಷನ್ ಬರೋದು ಫೀಸು ವಸೂಲಿ ಮಾಡುವ ಖಾಸಗಿ ಕಾಲೇಜಿನಿಂದ. ನಾನು ಆ ಮೂರನ್ನು ಒಪ್ಪಿಕೊಂಡಿದ್ದರೆ ಪ್ಯಾಕೇಜ್ ದುಡ್ಡೇ ಬೇಡ ಅಂದರು. ಆಗಲೇ ಎದ್ದು ಬರಬೇಕಿತ್ತು. 'ಸರ್ಕಾರಿಗೆ ಮಾತ್ರ' ಅನ್ನೋ ಪ್ಯಾಕೇಜಿಗೆ ದುಡ್ಡು ಕಟ್ಟಿದೆ, ಯಾಕೆಂದರೆ ಎಪಿಎಸ್, ಯೂನಿ-ಅಸಿಸ್ಟ್, ಬ್ಲಾಕ್ಡ್ ಅಕೌಂಟ್ ಅಂತ (ಏನು ಅಂತ ಮುಂದೆ ಹೇಳ್ತೀನಿ) ಕೇಳಿಯೇ ತಲೆ ಗಿರ್ ಅಂದಿತ್ತು.

ಈಗ ಒಳ್ಳೆಯದು ಹೇಳ್ತೀನಿ. ಒಳಗಿನ ಕೋಣೆಯಲ್ಲಿ, ಪ್ರಿಂಟರ್ ಪಕ್ಕ, ದಾಖಲೆ ನೋಡುವ ಅಕ್ಕ ಒಬ್ಬರಿದ್ದಾರೆ. ಆಫೀಸಿನ ಗೋಡೆ ಮೇಲೆ ನಗುವ ವಿದ್ಯಾರ್ಥಿಗಳ ಫೋಟೊಗಳಿವೆಯಲ್ಲ, ಅವರೆಲ್ಲರ ಫೈಲು ಈ ಅಕ್ಕನ ಕೈಯಿಂದಲೇ ಹೋದದ್ದು. ನನ್ನ ಫೈಲ್ ತೆಗೆದುಕೊಂಡು, ನಾಲ್ಕು ಕಾಗದ ಮೇಜಿನ ಮೇಲೆ ಸಾಲಾಗಿ ಇಟ್ಟರು.

"ನೋಡಮ್ಮ, ಇಲ್ಲಿ ನಾಲ್ಕು ಜನ ಇದ್ದೀರಿ."

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಪಿಯುಸಿಯಲ್ಲಿ ಊರು ಬಿದ್ದುಹೋಗಿದೆ. ವಿಟಿಯುನಲ್ಲಿ ಇನಿಷಿಯಲ್ ಹೆಸರಿನ ಹಿಂದಕ್ಕೆ ಹೋಗಿದೆ. ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರೇ ನನ್ನ ಸರ್‌ನೇಮ್. ನಮ್ಮ ಕಡೆ ಇದು ಯಾರಿಗೂ ವಿಚಿತ್ರ ಅನಿಸಲ್ಲ. ಅರ್ಜಿ ನೋಡುವ ಜರ್ಮನ್ ಗುಮಾಸ್ತನಿಗೆ ನಾಲ್ಕು ಬೇರೆ ಬೇರೆ ಹುಡುಗಿಯರು. ಅಕ್ಕ ಒಂದು ಚೀಟಿಯಲ್ಲಿ ಬರೆದುಕೊಟ್ಟರು: ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಬುಕ್ ಮಾಡುವಾಗ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು, ಪ್ರತಿ ಅರ್ಜಿಯಲ್ಲೂ ಅದೇ ಹೆಸರು, ಈ ನಾಲ್ಕೂ ಒಬ್ಬಳೇ ಅಂತ ಛಾಪಾ ಕಾಗದದ ಮೇಲೆ ನೋಟರಿ ಅಫಿಡವಿಟ್. ಆಮೇಲೆ ಮೂರನೇ ಸೆಮಿಸ್ಟರಿನ ಅಂಕಪಟ್ಟಿ ಹಿಡಿದು, "ಇದು ರೀವ್ಯಾಲ್ಯುಯೇಷನ್‌ಗೆ ಮುಂಚಿನದು. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಅಂಕ ಬೇರೆ ಇದೆ, ಹೊಸದು ತರಿಸು" ಅಂದರು. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ರೀವ್ಯಾಲ್‌ಗೆ ಹಾಕಿ ಎಂಟು ಅಂಕ ಜಾಸ್ತಿಯಾಗಿತ್ತು, ನಾನೇ ಮರೆತಿದ್ದೆ. ಅಕ್ಕ ಎರಡು ಹಾಳೆ ಪಕ್ಕ ಪಕ್ಕ ಇಟ್ಟು ಬೆರಳಿಟ್ಟು ಓದಿದ್ದರಿಂದ ಸಿಕ್ಕಿತು.

ಎಪಿಎಸ್ ಅಂದರೆ ನಮ್ಮ ಶೈಕ್ಷಣಿಕ ದಾಖಲೆಗಳು ಅಸಲಿ ಹೌದೋ ಅಲ್ಲವೋ ಅಂತ ಪರಿಶೀಲಿಸುವ ದೆಹಲಿಯ ಕಚೇರಿ. ಭಾರತದ ವಿದ್ಯಾರ್ಥಿಗಳಿಗೆ ವೀಸಾಗೆ ಇದರ ಪ್ರಮಾಣಪತ್ರ 2022ರ ನವೆಂಬರ್ 1ರಿಂದ ಕಡ್ಡಾಯ. ಶುಲ್ಕ 18,000, ಅದು ಪ್ಯಾಕೇಜಿನಲ್ಲಿ ಸೇರಿಲ್ಲ. ಇದನ್ನು ಎಲ್ಲಕ್ಕಿಂತ ಮೊದಲು ಹಾಕಿ ಅಂತ ಹೇಳಿದ್ದೂ ಆ ಅಕ್ಕನೇ. ಕೌನ್ಸೆಲರ್ "ಅಡ್ಮಿಷನ್ ಬಂದ್ಮೇಲೆ ನೋಡೋಣ" ಅಂದಿದ್ದರು. ಕೆಲವು ಅರ್ಜಿಗಳಿಗೇ ಅದು ಬೇಕು. ಅವರ ಮಾತು ನಂಬಿದ್ದರೆ ಒಂದು ವರ್ಷ ಹೋಗ್ತಿತ್ತು.

ಇನ್ನು ಮೋಟಿವೇಷನ್ ಲೆಟರ್, ಅಂದರೆ ಈ ಕೋರ್ಸೇ ಯಾಕೆ ಅಂತ ಅರ್ಜಿ ಜೊತೆ ಕೊಡುವ ಪತ್ರ. ಅಮೆರಿಕಕ್ಕೆ ಹೋಗೋರು ಎಸ್‌ಒಪಿ ಅಂತಾರೆ. ಪ್ಯಾಕೇಜಿನ ಬ್ರೋಷರ್‌ನಲ್ಲಿ 'ಪರಿಣತ ಬರಹಗಾರರಿಂದ' ಅಂತ ದಪ್ಪಕ್ಷರದಲ್ಲಿತ್ತು. ಅವರು ಮೂವತ್ತು ಪ್ರಶ್ನೆಯ ಫಾರಂ ಕೊಟ್ಟರು. ನಿಮ್ಮ ಬಲಗಳು, ದೌರ್ಬಲ್ಯಗಳು, ಹವ್ಯಾಸ, ಸಂಗೀತ ಬರುತ್ತಾ. ಎರಡು ರಾತ್ರಿ ಕೂತು ತುಂಬಿದೆ. ಹತ್ತು ದಿನಕ್ಕೆ ಡ್ರಾಫ್ಟ್ ಬಂತು. ಇಂಗ್ಲಿಷಿನ ಆ ಮೊದಲ ಸಾಲಿನ ಅರ್ಥ ಇಷ್ಟು: ಬಾಲ್ಯದಿಂದಲೂ ನೀರು ನನ್ನನ್ನು ವಿಸ್ಮಯಗೊಳಿಸಿದೆ.

ನಾನು ತಿಪಟೂರು ತಾಲ್ಲೂಕಿನವಳು. ಬಾಲ್ಯದಲ್ಲಿ ನೀರು ಇದ್ದರಲ್ಲವಾ ವಿಸ್ಮಯ ಆಗೋಕೆ.

ಅದೇ ಆಫೀಸಿನಲ್ಲಿ ಡೇಟಾ ಸೈನ್ಸ್‌ಗೆ ಹಾಕುತ್ತಿದ್ದ ಹುಡುಗಿಯ ಪರಿಚಯವಾಗಿತ್ತು. ಕೆಳಗಿನ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ ಇಬ್ಬರೂ ಫೋನ್ ತೆಗೆದು ಡ್ರಾಫ್ಟ್ ಹೋಲಿಸಿದೆವು. ಅವಳನ್ನು ಬಾಲ್ಯದಿಂದಲೂ ಕಂಪ್ಯೂಟರ್ ವಿಸ್ಮಯಗೊಳಿಸಿತ್ತು. ಮಿಕ್ಕ ಮೂರು ಪ್ಯಾರಾದಲ್ಲೂ ಅಲ್ಲಲ್ಲಿ ನಾಮಪದ ಮಾತ್ರ ಬೇರೆ. ಅವಳು ನಕ್ಕು ನಕ್ಕು ಕಾಫಿ ಚೆಲ್ಲಿಕೊಂಡಳು. ನನಗೆ ನಗು ಬರಲಿಲ್ಲ, 47,200 ಕಣ್ಣ ಮುಂದೆ ಬಂತು.

ಹೋಗಿ ಕೇಳಿದ್ದಕ್ಕೆ "ಎರಡು ಸಲ ರಿವಿಷನ್ ಫ್ರೀ ಇದೆ" ಅಂದರು. ಎರಡೂ ಮಾಡಿಸಿದೆ. ಒಂದು ಸಲ 'ವಿಸ್ಮಯ' ಹೋಗಿ 'ಉತ್ಕಟತೆ' ಬಂತು. ಇನ್ನೊಂದು ಸಲ ಡ್ರೆಸ್ಡೆನ್ ಪತ್ರದಲ್ಲಿ ಸ್ಟುಟ್‌ಗಾರ್ಟ್ ಅಂತ ಬಂತು. ನಾನು ಸರಿಯಾಗಿ ಓದದೇ ಕಳಿಸಿದ್ದರೆ ಅಷ್ಟೇ ಕಥೆ.

ಆ ರಾತ್ರಿ ಊರಿಗೆ ಬಂದೆ. ಅಪ್ಪ ಜಗಲಿ ಮೇಲೆ ಕೂತು ಕಾಯಿ ಸುಲಿಯುತ್ತಿದ್ದರು. ಡ್ರಾಫ್ಟನ್ನು ಕನ್ನಡ ಮಾಡಿ ಓದಿ ಹೇಳಿದೆ. ಕೇಳಿಸಿಕೊಂಡು, "ಯಾರ್ ಬಗ್ಗೆ ಮಗ ಇದು?" ಅಂದರು.

ಹೊಸದಾಗಿ ಬರೆಯಲು ಕೂತೆ. 2017ರ ಬೇಸಿಗೆಯಿಂದ ಶುರು ಮಾಡಿದೆ. ತೆಂಗಿನ ಸುಳಿ ಒಣಗುತ್ತಿದ್ದ ವರ್ಷ ಅದು. ಬೋರ್ ಕೊರೆಸಲು ಪಾಯಿಂಟ್ ನೋಡುವವರು ಬಂದು, ಅಂಗೈ ಮೇಲೆ ಕಾಯಿ ಇಟ್ಟುಕೊಂಡು ತೋಟವೆಲ್ಲ ಸುತ್ತಿದರು. ಬದುವಿನ ಹತ್ತಿರ ಕಾಯಿ ನೆಟ್ಟಗೆ ಎದ್ದು ನಿಂತಿತು. ಅಲ್ಲೇ ಕೊರೆಸಿದೆವು. 870 ಅಡಿವರೆಗೂ ಬಂದದ್ದು ಬಿಳಿ ಧೂಳು. ಎರಡನೇ ಬೋರೂ ಫೇಲ್. ಅದಾದ ಮೇಲೆ ಅಪ್ಪ ನನ್ನನ್ನು ಕೇಳಿದ ಪ್ರಶ್ನೆ, ಪಕ್ಕದ ತೋಟದಲ್ಲಿ 300 ಅಡಿಗೆ ನೀರಿದೆ, ನಮ್ಮಲ್ಲಿ ಯಾಕಿಲ್ಲ ಅಂತ. ನನಗೆ ಆಗ ಉತ್ತರ ಗೊತ್ತಿರಲಿಲ್ಲ. ಕಲ್ಲಿನ ಬಿರುಕುಗಳಲ್ಲಿ ನೀರು ಕೂತಿರೋದು, ಬಿರುಕು ಎಲ್ಲಿದೆ ಅಂತ ಕಾಯಿಗೆ ಗೊತ್ತಾಗಲ್ಲ ಅನ್ನೋದನ್ನು ಕಾಲೇಜಿನಲ್ಲಿ ಕಲಿತೆ. ಪೂರ್ತಿ ಉತ್ತರ ಇನ್ನೂ ಗೊತ್ತಿಲ್ಲ, ಅದಕ್ಕೇ ಅರ್ಜಿ ಹಾಕ್ತಿದ್ದೀನಿ ಅಂತ ಬರೆದೆ.

ಅದಕ್ಕೆ ನಾಲ್ಕೇ ಸಾಲು. ಮಿಕ್ಕ ಜಾಗವೆಲ್ಲ ಕೆಲಸಕ್ಕೆ. ಕೊನೆ ವರ್ಷದ ಪ್ರಾಜೆಕ್ಟ್‌ನಲ್ಲಿ, ಹೇಮಾವತಿ ನಾಲೆಯ ನೀರು ಕೆರೆಗೆ ಬಂದಾಗ ಸುತ್ತಲಿನ 14 ಬೋರ್‌ಗಳ ನೀರಿನ ಮಟ್ಟ ಎಷ್ಟು ಏರುತ್ತೆ ಅಂತ ಐದು ತಿಂಗಳು ಅಳೆದಿದ್ದೆವು. ಅಳೆಯೋದು ಅಂದರೆ ಕೇಸಿಂಗ್ ಪಕ್ಕದ ಸಂದಿನಲ್ಲಿ ಟೇಪ್ ಬಿಡೋದು, ತುದಿ ನೀರಿಗೆ ತಾಗಿದಾಗ ಬೀಪ್ ಅನ್ನುತ್ತೆ. ಮೊದಲ ತಿಂಗಳ ಅಂಕಿಗಳು ಹುಚ್ಚುಹುಚ್ಚಾಗಿದ್ದವು. ನೀರು ಬಂದ ಮೇಲೂ ಮಟ್ಟ ಇಳಿದಿದೆ! ಆಮೇಲೆ ತಿಳಿಯಿತು, ನಾವು ಹೋಗುತ್ತಿದ್ದದ್ದು ತ್ರೀಫೇಸ್ ಕರೆಂಟ್ ಇರುವ ಹೊತ್ತಿಗೆ. ಸುತ್ತಲಿನ ಮೋಟಾರೆಲ್ಲ ಒಟ್ಟಿಗೆ ಎಳೆಯುತ್ತಿದ್ದರೆ ಮಟ್ಟ ಇಳಿಯದೆ ಇನ್ನೇನು? ಆ ತಿಂಗಳ ಅಂಕಿ ಅಷ್ಟೂ ಬಿಸಾಕಿ, ಎಸ್ಕಾಂ ಟೈಮ್‌ಟೇಬಲ್ ಬರೆದುಕೊಂಡು, ಮೋಟಾರು ನಿಂತು ಮೂರು ಗಂಟೆ ಆದ ಮೇಲೆ ಹೋಗಿ ಮತ್ತೆ ಅಳೆದೆವು. ಕನ್ಸಲ್ಟೆನ್ಸಿಯ ಡ್ರಾಫ್ಟ್‌ನಲ್ಲಿ ಇಷ್ಟನ್ನೂ 'ತಂಡದ ಸಮರ್ಥ ನಾಯಕತ್ವ' ಅಂತ ಒಂದೇ ಗುಕ್ಕಿಗೆ ಮುಗಿಸಿದ್ದರು. ಫಾರಂನಲ್ಲಿ ನಾನೇ ಬರೆದುಕೊಟ್ಟಿದ್ದೆ, ತಪ್ಪು ಮಾಡಿದ್ದನ್ನು ಹೇಳಬಾರದು ಅಂತ ತೆಗೆದರಂತೆ.

ನನ್ನ ಪತ್ರದಲ್ಲಿ ಆ ತಪ್ಪೇ ನಡುಮನೆ. ಅದರ ಕೆಳಗೆ, ಡ್ರೆಸ್ಡೆನ್‌ನ ಮಾಡ್ಯೂಲ್ ಹ್ಯಾಂಡ್‌ಬುಕ್ (ಕೋರ್ಸಿನ ಪ್ರತಿ ಪಾಠದ ವಿವರ) ಪೂರ್ತಿ ಓದಿ, ಅಂತರ್ಜಲದ ಯಾವ ಪಾಠಗಳು ನನಗೆ ಯಾಕೆ ಬೇಕು ಅಂತ ಬರೆದೆ. ಹ್ಯಾಂಡ್‌ಬುಕ್ ಸಾಮಾನ್ಯವಾಗಿ ಕೋರ್ಸಿನ ಪುಟದಲ್ಲೇ ಸಿಗುತ್ತೆ, ಓದೋಕೆ ಎರಡು ಸಂಜೆ ಬೇಕು. ಕೌನ್ಸೆಲರ್‌ಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿದ್ದಂತೆ ಕಾಣಲಿಲ್ಲ.

ಕ್ರೆಡಿಟ್ ವಿಷಯದಲ್ಲೂ ಇದೇ. ನಮ್ಮ ಸ್ಕೀಮಿನಲ್ಲಿ ಬಿ.ಇ.ಗೆ ಒಟ್ಟು 175 ಕ್ರೆಡಿಟ್. ಅವರು ಸಿವಿಯಲ್ಲಿ '175 ಇಸಿಟಿಎಸ್' ಅಂತ ಟೈಪ್ ಮಾಡಿದ್ದರು. ಇಸಿಟಿಎಸ್ ಅಂದರೆ ಯುರೋಪಿನ ಕ್ರೆಡಿಟ್, ಅಲ್ಲಿ ಮೂರು ವರ್ಷದ ಪದವಿಗೇ 180. ಅಂದರೆ ನಾಲ್ಕು ವರ್ಷ ಓದಿದ ನಾನು ಅವರ ಮೂರು ವರ್ಷಕ್ಕಿಂತ ಐದು ಕಡಿಮೆ ಓದಿದಂತಾಯಿತು. ಅಲ್ಲಿನ ಒಂದು ಕ್ರೆಡಿಟ್ ಅಂದರೆ ಮನೆಯಲ್ಲಿ ಓದಿದ್ದೂ ಸೇರಿ 25ರಿಂದ 30 ಗಂಟೆ ಕೆಲಸ. ನಮ್ಮದು ವಾರಕ್ಕೆ ಎಷ್ಟು ಗಂಟೆ ಪಾಠ ಅನ್ನೋದರ ಮೇಲೆ. ಸೇರಿಗೂ ಕಿಲೋಗೂ ಇರುವಷ್ಟು ದೂರ. 'ವಿಟಿಯು ಕ್ರೆಡಿಟ್, ನಾಲ್ಕು ವರ್ಷ' ಅಂತ ಹಾಗೇ ಬರೆದು, ಹೈಡ್ರಾಲಜಿ, ಫ್ಲೂಯಿಡ್ ಮೆಕ್ಯಾನಿಕ್ಸ್, ಗಣಿತದ ಸಿಲಬಸ್ ಪುಟಗಳನ್ನು ಜೊತೆಗಿಟ್ಟೆ.

ಶಿಫಾರಸು ಪತ್ರ. ನಾನು ಹಾಕಿದ ನಾಲ್ಕು ಅರ್ಜಿಯಲ್ಲಿ ಎರಡಕ್ಕೆ ಬೇಕಿತ್ತು. ಕನ್ಸಲ್ಟೆನ್ಸಿ ಎರಡು ರೆಡಿಮೇಡ್ ಪತ್ರ ಕಳಿಸಿತು, 'ಸಹಿ ಮಾಡಿಸಿಕೊಂಡು ಬನ್ನಿ' ಅಂತ. ಎರಡರಲ್ಲೂ 'ನನ್ನ 15 ವರ್ಷಗಳ ಸೇವೆಯಲ್ಲಿ ಇಂಥ ವಿದ್ಯಾರ್ಥಿನಿಯನ್ನು ಕಂಡಿಲ್ಲ' ಅನ್ನೋ ಸಾಲು. ಸಹಿ ಹಾಕಬೇಕಿದ್ದವರಲ್ಲಿ ಒಬ್ಬರು ಕೆಲಸಕ್ಕೆ ಸೇರಿಯೇ ಆರು ವರ್ಷ ಆಗಿತ್ತು. ಎಚ್‌ಒಡಿ ಸರ್ ಹತ್ತಿರ ಹೋದರೆ ಅವರೂ "ನೀನೇ ಬರ್ಕೊಂಡ್ ಬಾರಮ್ಮ, ಸೈನ್ ಹಾಕ್ತೀನಿ" ಅಂದರು. ಅವರದೇನೂ ತಪ್ಪಿಲ್ಲ, ಸೀಸನ್‌ನಲ್ಲಿ ಅರವತ್ತು ಮಕ್ಕಳು ಕ್ಯೂ ನಿಂತಿರುತ್ತಾರೆ. ನಾನು ಪ್ರಾಜೆಕ್ಟ್ ಗೈಡ್ ಆಗಿದ್ದ ಮೇಡಂ ಹತ್ತಿರ ಹೋದೆ. ಪ್ರಾಜೆಕ್ಟ್ ರಿಪೋರ್ಟು, ಹಳೆಯ ಫೀಲ್ಡ್ ನೋಟ್‌ಬುಕ್ಕು, ಒಂದು ಹಾಳೆಯಲ್ಲಿ ನಾನು ಮಾಡಿದ ಕೆಲಸದ ಪಟ್ಟಿ, ಕೊನೆಯ ದಿನಾಂಕ, ಎಲ್ಲ ಒಂದು ಫೋಲ್ಡರಿನಲ್ಲಿ ಕೊಟ್ಟೆ. ಮೇಡಂ ನೋಟ್‌ಬುಕ್ ತಿರುಗಿಸುತ್ತಾ, ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಹೊಡೆದ ಆ ಮೊದಲ ತಿಂಗಳ ಪುಟದ ಹತ್ತಿರ ನಿಂತರು. "ಇದನ್ನ ನಾನು ಬರೀಬಹುದಾ?" ಅಂತ ಕೇಳಿದರು. ಬರೆಯಿರಿ ಮೇಡಂ ಅಂದೆ. ಒಂದು ವಾರಕ್ಕೆ ಕಾಲೇಜಿನ ಇಮೇಲ್‌ನಿಂದಲೇ ನೇರ ಕಳಿಸಿದರು. ಏನು ಬರೆದರು ಅಂತ ನಾನು ನೋಡಿಲ್ಲ.

ಇನ್ನೊಂದು ಸಂಕಟ ಹೇಳಿಬಿಡ್ತೀನಿ. ಡಿಎಎಡಿ ಅನ್ನೋ ಜರ್ಮನ್ ಸಂಸ್ಥೆಯವರ ಎಪೋಸ್ ಅಂತ ಒಂದು ವಿದ್ಯಾರ್ಥಿವೇತನ ಇದೆ, ನಮ್ಮಂಥ ದೇಶಗಳಿಂದ ಬಂದು ಅಭಿವೃದ್ಧಿಗೆ ಸಂಬಂಧಪಟ್ಟ ವಿಷಯ ಓದುವವರಿಗೆ. ಕನಿಷ್ಠ ಎರಡು ವರ್ಷದ ಕೆಲಸದ ಅನುಭವ ಬೇಕು. ನನಗೆ ಅದು ಕಣ್ಣಿಗೆ ಬಿದ್ದಾಗ ಒಂದು ವರ್ಷ ಹತ್ತು ತಿಂಗಳು ಆಗಿತ್ತು, ಕೊನೆಯ ದಿನಾಂಕ ಎದುರಿಗಿತ್ತು. ಮೊದಲ ದಿನವೇ ಯಾರಾದರೂ ಹೇಳಿದ್ದರೆ ಒಂದು ವರ್ಷ ತಡೆದು ಹಾಕುತ್ತಿದ್ದೆನೋ ಏನೋ. ಕನ್ಸಲ್ಟೆನ್ಸಿಯಲ್ಲಿ ಕೇಳಿದರೆ "ಸ್ಕಾಲರ್‌ಶಿಪ್ ನಮ್ಮ ಪ್ಯಾಕೇಜಿನಲ್ಲಿ ಬರಲ್ಲ ಮೇಡಂ" ಅಂದರು. ಎಜುಕೇಷನ್ ಲೋನ್ ಮಾತ್ರ ಬರುತ್ತೆ, ಬ್ಯಾಂಕಿನವರ ಕಾರ್ಡ್ ರಿಸೆಪ್ಷನ್‌ನಲ್ಲೇ ಇಟ್ಟಿದ್ದಾರೆ. ಬ್ಲಾಕ್ಡ್ ಅಕೌಂಟಿಗೆ, ಅಂದರೆ ವೀಸಾಗಾಗಿ ಒಂದು ವರ್ಷದ ಖರ್ಚು ಮುಂಚೆಯೇ ಇಡುವ ಖಾತೆಗೆ, ಆಗ 11,904 ಯೂರೋ ಇಡಬೇಕಿತ್ತು, ತಿಂಗಳಿಗೆ 992ರ ಲೆಕ್ಕ. ಆ ಕಾರ್ಡ್ ಕೊನೆಗೆ ನನಗೂ ಬೇಕಾಯಿತು.

ಖರ್ಚಿನ ಬಗ್ಗೆ ಕೇಳುವವರಿಗೆ: ಯೂನಿ-ಅಸಿಸ್ಟ್ (ಹಲವು ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ಪರಿಶೀಲಿಸುವ ಸಂಸ್ಥೆ) ಮೂಲಕ ಹೋಗುವ ಮೊದಲ ಅರ್ಜಿಗೆ 75 ಯೂರೋ, ಅದೇ ಸೆಮಿಸ್ಟರಿನ ಮುಂದಿನ ಪ್ರತಿಯೊಂದಕ್ಕೆ 30. ಎಲ್ಲ ವಿಶ್ವವಿದ್ಯಾಲಯವೂ ಅದರ ಮೂಲಕ ತೆಗೆದುಕೊಳ್ಳಲ್ಲ, ಕೆಲವಕ್ಕೆ ನೇರ ಅವರದೇ ಪೋರ್ಟಲ್. ಐಇಎಲ್‌ಟಿಎಸ್ ಅಂಕ ಎರಡೇ ವರ್ಷ ಬಾಳೋದು, ತುಂಬಾ ಮುಂಚೆ ಬರೆದಿಡಬೇಡಿ. ಇದೆಲ್ಲ ಪ್ಯಾಕೇಜಿನ ಹೊರಗೆ.

ನಾಲ್ಕರಲ್ಲಿ ಎರಡು ಬಂತು, ಎರಡು ಹೋಯಿತು. ಈಗ ಡ್ರೆಸ್ಡೆನ್‌ನಲ್ಲಿದ್ದೀನಿ. ಕನ್ಸಲ್ಟೆನ್ಸಿಯ ಗೋಡೆ ಮೇಲೆ ನನ್ನ ಫೋಟೊನೂ ಹಾಕಿದ್ದಾರಂತೆ, ಕೆಳಗೆ 'ನಮ್ಮ ಎಸ್‌ಒಪಿ ತಂಡದ ಮತ್ತೊಂದು ಗೆಲುವು' ಅಂತ. ಡೇಟಾ ಸೈನ್ಸ್ ಹುಡುಗಿ ಫೋಟೊ ತೆಗೆದು ಕಳಿಸಿದ್ದಳು. ತೆಗೆಯಿರಿ ಅಂತ ಎರಡು ಸಲ ಮೇಲ್ ಹಾಕಿದೆ, ಉತ್ತರ ಇಲ್ಲ.

ಇಷ್ಟಾಗಿಯೂ ಅಲ್ಲಿಗೆ ಹೋಗಬೇಡಿ ಅನ್ನಲ್ಲ. ಹೋದರೆ ಕೌನ್ಸೆಲರ್ ಇರುವ ಮುಂದಿನ ಕೋಣೆಯಲ್ಲಿ ಕೂರಬೇಡಿ. ಪ್ರಿಂಟರ್ ಪಕ್ಕದ ಅಕ್ಕನ ಹತ್ತಿರ ಹೋಗಿ, 'ಬರೀ ದಾಖಲೆ ಚೆಕ್ಕಿಂಗ್' ಅಂತ ಕೇಳಿ. ರೇಟ್ ಕಾರ್ಡಿನಲ್ಲಿ ಅದು ಇಲ್ಲ. ಆದರೆ ನನ್ನ ಕಣ್ಣೆದುರೇ ಹಾಸನದ ಹುಡುಗನೊಬ್ಬನಿಗೆ ಆರು ಸಾವಿರಕ್ಕೆ ಮಾಡಿಕೊಟ್ಟರು. ಮಧ್ಯಾಹ್ನ ಎರಡರ ಮೇಲೆ ಹೋಗಿ, ಬೆಳಿಗ್ಗೆ ಅವರಿಗೆ ಕೊರಿಯರ್ ಗಲಾಟೆ.